ಓದಲಷ್ಟೇ ತೆರೆದ ಡಿಸ್ಕಿನಲ್ಲಿ ಪ್ಯಾಕೇಜ್ ಕ್ಯಾಶ್: ಡೆಬಿಯನ್ ಕುರಿತು ಒಂದು ಟಿಪ್ಪಣಿ

ಮೆಮೊರಿ ಕಾರ್ಡಿನಿಂದ ನಡೆಯುವ ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರುಗಳಲ್ಲಿ ರೂಟ್ ಫೈಲ್ ಸಿಸ್ಟಮನ್ನು ರೀಡ್-ಓನ್ಲಿ ಮಾಡಿಡುವವರು ಬಹಳ. ಕರೆಂಟು ಹಠಾತ್ತನೆ ಹೋದರೂ ಫೈಲುಗಳು ಕೆಡುವ ಭಯ ಕಡಿಮೆ, ಕಾರ್ಡೂ ಹೆಚ್ಚು ಕಾಲ ಬಾಳುತ್ತದೆ. ತೊಡಕು ಎದುರಾಗುವುದು ಅಪ್‌ಡೇಟ್ ಮಾಡಹೊರಟಾಗ. ಬರೆಯಲು ಜಾಗ ಬೇಕಲ್ಲ ಎಂದು '/ವಾರ್' ಪೂರ್ತಿಯನ್ನೇ ಬೇರೆ ಪಾರ್ಟಿಷನ್ನಿಗೆ ಸಾಗಿಸಿಬಿಡುತ್ತಾರೆ. ಈ ಏರ್ಪಾಡು ಅಪಾಯಕಾರಿ ಎಂಬುದು ನನ್ನ ವಾದ.

'/ವಾರ್/ಕ್ಯಾಶ್/ಆಪ್ಟ್' ಒಳಗೆ ಇಳಿಸಿಕೊಂಡ ಡೆಬ್ ಫೈಲುಗಳೂ 'ಪಿಕೆಜಿಕ್ಯಾಶ್.ಬಿನ್' ಎಂಬ ಸೂಚಿಯೂ ಇರುತ್ತವೆ. ಇವನ್ನು ಅಳಿಸಿದರೆ ನಷ್ಟವೇನಿಲ್ಲ. ಸೂಚಿಯನ್ನು ಡಿಸ್ಕಿಗೆ ಬರೆಯಲಾಗದಿದ್ದರೆ ಆಪ್ಟ್ ಅದನ್ನು ಮೆಮೊರಿಯಲ್ಲೇ ಕಟ್ಟಿಕೊಳ್ಳುತ್ತದೆ. '/ವಾರ್/ಲಿಬ್/ಆಪ್ಟ್/ಲಿಸ್ಟ್ಸ್' ಕೂಡ, 'ಲಿಬ್' ಕೆಳಗಿದ್ದರೂ, ಮತ್ತೆ ಇಳಿಸಿಕೊಳ್ಳಬಹುದಾದದ್ದೇ. ಇವೆಲ್ಲ ಟಿಎಂಪಿಎಫ್‌ಎಸ್‌ನಲ್ಲಿ, ಅಂದರೆ ರ‍್ಯಾಮಿನಲ್ಲಿ, ಇರಬಹುದು. ದೊಡ್ಡ ಅಪ್‌ಗ್ರೇಡಿಗೆ ಅಲ್ಲಿ ಜಾಗ ಸಾಲುತ್ತದೆಯೇ ಎಂದಷ್ಟೇ ಮೊದಲು ನೋಡಿಕೊಳ್ಳಬೇಕು.

'/ವಾರ್/ಲಿಬ್/ಡಿಪಿಕೆಜಿ' ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಸ್ಥಾಪನೆಯಾಗಿದೆ ಎಂಬ ದಾಖಲೆ ಅದರ 'ಸ್ಟೇಟಸ್' ಫೈಲಿನಲ್ಲಿದೆ. ರೂಟಿನ ಮೇಲೆ ರ‍್ಯಾಮಿನ ಓವರ್‌ಲೇ ಹೊದಿಸಿ, '/ವಾರ್' ಒಂದನ್ನೇ ಉಳಿಯುವ ಪಾರ್ಟಿಷನ್ನಿನಲ್ಲಿಟ್ಟು ಅಪ್‌ಗ್ರೇಡ್ ಮಾಡಿದೆವೆನ್ನಿ. ಯಂತ್ರ ಮತ್ತೆ ಬೂಟ್ ಆದಾಗ '/ಯುಎಸ್‌ಆರ್' ಒಳಗಿನ ಪ್ರೋಗ್ರಾಮುಗಳು ಹಳೆಯವೇ, ದಾಖಲೆ ಮಾತ್ರ ಹೊಸದು. ಭದ್ರತೆಯ ತೂತು ಹಾಗೇ ಬಾಯಿ ತೆರೆದಿದ್ದರೂ, ಆಪ್ಟ್ ಎಲ್ಲವೂ ಸರಿಯಾಗಿದೆ ಎನ್ನುತ್ತದೆ! ದಾಖಲೆಯನ್ನು '/ಯುಎಸ್‌ಆರ್'ನಿಂದ ಅಗಲಿಸಿದ್ದರ ಫಲ ಇದು.

ಅಪ್‌ಗ್ರೇಡಿನ ಹೊತ್ತಿಗೆ ರೂಟನ್ನು ರೀಡ್-ರೈಟ್ ಆಗಿ ರಿಮೌಂಟ್ ಮಾಡಿ, ಮುಗಿದ ಮೇಲೆ ಮರಳಿಸುವುದು ಇದಕ್ಕಿಂತ ಮೇಲು. ಆಪ್ಟ್ ಕಾನ್ಫಿಗರೇಶನ್ನಿನಲ್ಲಿ 'ಪ್ರೀ-ಇನ್ವೋಕ್', 'ಪೋಸ್ಟ್-ಇನ್ವೋಕ್' ಸಾಲುಗಳಿರುವುದರಿಂದ ಇದನ್ನು ತಾನಾಗಿಯೇ ನಡೆಯುವಂತೆ ಮಾಡಬಹುದು. ಆದರೆ ಮರಳಿಸುವಾಗ ಎಷ್ಟೋ ಸಲ 'ಬಿಜಿ' ಎಂಬ ದೋಷ ಬರುತ್ತದೆ. ಕಾರಣ ಕುತೂಹಲಕರ. ಲಿಬ್‌ಸಿ ಬದಲಾಗಿದೆ ಎಂದುಕೊಳ್ಳಿ: ಹಳೆಯ ಫೈಲಿನ ಹೆಸರು ಅಳಿದಿದ್ದರೂ ಓಡುತ್ತಿರುವ ಪ್ರೋಗ್ರಾಮುಗಳು ಅದನ್ನು ಹಿಡಿದುಕೊಂಡೇ ಇರುತ್ತವೆ. ಅವು ಬಿಟ್ಟಮೇಲೆ ಆ ಜಾಗ ತೆರವು ಮಾಡಲು ಕರ್ನಲ್ ಡಿಸ್ಕಿಗೆ ಬರೆಯಲೇಬೇಕು. ಹಾಗಾಗಿ ಅದು ಒಪ್ಪುವುದಿಲ್ಲ. 'ಎಲ್‌ಎಸ್‌ಒಎಫ್ +ಎಲ್1' ಅಂಥ ಫೈಲುಗಳನ್ನು ತೋರಿಸುತ್ತದೆ. ಆ ಸೇವೆಗಳನ್ನು ರೀಸ್ಟಾರ್ಟ್ ಮಾಡಿದರೆ, ಇಲ್ಲವೇ ಯಂತ್ರವನ್ನೇ ರೀಬೂಟ್ ಮಾಡಿದರೆ ಸಾಕು.

2022ರ ಫೆಡೋರಾ 36 ತನ್ನ ಆರ್‌ಪಿಎಂ ದಾಖಲೆಯನ್ನು '/ವಾರ್'ನಿಂದ ಎತ್ತಿ '/ಯುಎಸ್‌ಆರ್' ಒಳಗೇ ಇಟ್ಟಿತು. ಅದೇ ಸರಿಯಾದ ದಾರಿ. ಡೆಬಿಯನ್ ಬಳಸುವವರು ಕ್ಯಾಶನ್ನು ಎಲ್ಲಿ ಬೇಕಾದರೂ ಇಡಲಿ, ಡಿಪಿಕೆಜಿಯ ದಾಖಲೆಯನ್ನು ಮಾತ್ರ ರೂಟಿನ ಜೊತೆಯಲ್ಲೇ ಇಡಬೇಕು.