ಹೆಜ್ಜೆ ಓದುವವರ ಕೂಲಿ

ಬೇಟೆಯ ಹುಚ್ಚಿನವರು, ಕಾಡು ಸುತ್ತುವವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಚರಿತ್ರೆಯನ್ನು ಕೇಳಿದರೆ ವಿಚಿತ್ರವಾದ ಉತ್ತರ ಸಿಗುತ್ತದೆ. ಇಲ್ಲಿನ ಕಾಡಿನಲ್ಲಿ ಕೋವಿ ಹಿಡಿದು ಪುಸ್ತಕ, ಪತ್ರಿಕೆಗಳಲ್ಲಿ ಹೆಸರು ಉಳಿಸಿಕೊಂಡ ದೊರೆಗಳಿಗೆ ಬೇಟೆ ಕಸುಬಾಗಿರಲಿಲ್ಲ. ಒಬ್ಬ ನೀರಾವರಿ ನಾಲೆಗಳ ಅಧಿಕಾರಿ, ಇನ್ನೊಬ್ಬ ಕಾಫಿ ತೋಟದ ಒಡೆಯ, ಮತ್ತೊಬ್ಬ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಅವರ ಮುಂದೆ ಬರಿಗಾಲಲ್ಲಿ ಹೆಜ್ಜೆ ನೋಡುತ್ತ ನಡೆದವರು ಮಾತ್ರ ಕಾಡಿನಿಂದಲೇ ಉಂಡವರು. ಬೇಟೆಗಾರರೆಂಬ ಕೀರ್ತಿ ಮೊದಲಿನವರಿಗೆ ಹೋಯಿತು, ಕೂಲಿ ಇವರ ಪಾಲಿಗೆ ಬಂತು. ನೂರೈವತ್ತು ವರ್ಷಗಳಲ್ಲಿ ಕೂಲಿ ಕೊಡುವವರು ಬದಲಾಗಿದ್ದಾರೆ, ಕೆಲಸದ ಹೆಸರೂ ಬದಲಾಗಿದೆ.

ಮೊದಲು ಸೋಲಿಗರ ಮಾತು. ಬಿಳಿಗಿರಿರಂಗನ ಬೆಟ್ಟದಲ್ಲೂ ಮಲೆ ಮಹದೇಶ್ವರ ಬೆಟ್ಟದಲ್ಲೂ ಪೋಡು ಎಂಬ ಹಾಡಿಗಳನ್ನು ಕಟ್ಟಿಕೊಂಡು ಬಾಳಿದ ಇವರನ್ನು ಬರೀ ಬೇಟೆಗಾರರೆಂದು ಕರೆಯುವುದು ತಪ್ಪು. ಕಾಡು ಕಡಿದು, ಸುಟ್ಟು, ರಾಗಿ ಬಿತ್ತಿ, ಮಣ್ಣು ಸೋತಾಗ ಮುಂದಕ್ಕೆ ಸರಿಯುವ ಬೇಸಾಯ ಒಂದು ಕಡೆ. ಗೆಣಸು ಅಗೆಯುವುದು, ಸೊಪ್ಪು ಕೀಳುವುದು, ಜೇನು ಇಳಿಸುವುದು ಇನ್ನೊಂದು ಕಡೆ. ಬೇಟೆ ಇವುಗಳ ನಡುವೆ ಒಂದಿಷ್ಟು. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಗಂಡ ನೀಲೇಗೌಡ ಹೆಂಡತಿಯನ್ನು ಬಿಟ್ಟು ಜೇನು, ಬೇಟೆಗೆಂದು ಮಲೆಗೆ ಹೊರಡುತ್ತಾನಲ್ಲ, ಕಂಸಾಳೆಯವರು ರಾತ್ರಿಯಿಡೀ ಹಾಡುವ ಆ ಕಥೆ ಈ ಬದುಕಿನ ದಾಖಲೆಯೂ ಹೌದು. ವಾರಗಟ್ಟಲೆ ಗಂಡಸರು ಕಾಡಿನಲ್ಲಿ, ಹೆಂಗಸರು ಪೋಡಿನಲ್ಲಿ. ಬಿಳಿಗಿರಿಯ ರಂಗಪ್ಪನಂತೂ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಅವರಿಗೆ ಭಾವನೇ ಆದ.

1870ರ ದಶಕದಲ್ಲಿ ಜಿ. ಪಿ. ಸ್ಯಾಂಡರ್ಸನ್ ಬಂದ. ಮೈಸೂರಿನಲ್ಲಿ ನಾಲೆ ನೋಡಿಕೊಳ್ಳುವ ನೌಕರಿ, ಮನಸ್ಸೆಲ್ಲ ಆನೆಯ ಮೇಲೆ. ಕಾಕನಕೋಟೆಯಲ್ಲಿ ಹೈದರಾಲಿ ಆನೆ ಹಿಡಿಯಲು ಹೋಗಿ ಸೋತು, ಮುಂದೆ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದೆಂದು ಕಲ್ಲಿನಲ್ಲಿ ಶಾಪ ಬರೆಸಿದ್ದನೆಂದು ಸ್ಯಾಂಡರ್ಸನ್ನೇ ಬರೆದಿದ್ದಾನೆ. ಆ ಶಾಪವನ್ನು ಲೆಕ್ಕಿಸದೆ 1874ರಲ್ಲಿ ಚಾಮರಾಜನಗರದ ಹತ್ತಿರ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಖೆಡ್ಡಾ ಹಾಕಿ ಗೆದ್ದ. ಮೈಸೂರಿನ ಖೆಡ್ಡಾಗಳ ಖ್ಯಾತಿ ಅಲ್ಲಿಂದ ಶುರುವಾಯಿತು. 1878ರಲ್ಲಿ ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಕಿಪ್ಲಿಂಗನ ಆನೆ ಕಥೆಯ ಪೀಟರ್ಸನ್ ಸಾಹೇಬನಿಗೆ ಇವನೇ ಮಾದರಿ ಎನ್ನುವುದುಂಟು. ಅವನಲ್ಲಿ ನಾನು ಮೆಚ್ಚುವುದು ಬೇರೆಯದು. ತನ್ನ ಜೊತೆಗಿದ್ದ ಹಳ್ಳಿಗರ, ಸೋಲಿಗರ ಕಾಡಿನ ಜಾಣ್ಮೆಯನ್ನು ಅವನು ಮುಚ್ಚಿಡಲಿಲ್ಲ. ಮುರಿದ ಕಡ್ಡಿ, ಇಬ್ಬನಿ ಉದುರಿದ ಹುಲ್ಲು, ಲದ್ದಿಯ ಬಿಸಿ ನೋಡಿ ಆನೆ ಎಷ್ಟು ದೂರದಲ್ಲಿದೆ ಎಂದು ಹೇಳುವ ವಿದ್ಯೆ ಅವರದು. ಅದಕ್ಕೆ ದಿನಗೂಲಿ ಸಿಕ್ಕಿತು. ಕೂಲಿಯ ಲೆಕ್ಕಕ್ಕೆ ಕಾಡು ಬಂದದ್ದನ್ನು ಇಲ್ಲಿಂದ ಎಣಿಸಬಹುದು.

ಇಲ್ಲೊಂದು ಭೂಗೋಳದ ವಿಷಯ ಹೇಳಲೇಬೇಕು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರಿನೊಳಗೆ. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗಿನ ಹನೂರು ತಾಲ್ಲೂಕು ಆಗ ಕೊಳ್ಳೇಗಾಲದೊಳಗೇ. 1956ರ ನವೆಂಬರ್ 1ರವರೆಗೂ ಇದೇ ವ್ಯವಸ್ಥೆ. ಬೆಟ್ಟದ ಒಂದು ಮಗ್ಗುಲಿಗೆ ಮಹಾರಾಜರ ಕಾನೂನು, ಇನ್ನೊಂದು ಮಗ್ಗುಲಿಗೆ ಬ್ರಿಟಿಷರದು. ಪ್ರಾಣಿಗಳಿಗೆ ಗಡಿ ಗೊತ್ತಿರಲಿಲ್ಲ. ಬೇಟೆಯ ದೊರೆಗಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಕೊಯಮತ್ತೂರು ಮಗ್ಗುಲಿನಲ್ಲಿ, ಹೊನ್ನಮೇಟಿಯ ಕಾಫಿ ತೋಟದಲ್ಲಿದ್ದವರು ಆರ್. ಸಿ. ಮಾರಿಸ್. ಅವರ ತಂದೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅತ್ತಿಖಾನೆಯಲ್ಲಿ ಕಾಫಿ ಹಾಕಿದವರು. ಮಗ ದೊಡ್ಡ ಬೇಟೆಗಾರರಾಗಿ ಬೆಳೆದು, ಆಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಆನೆ, ಕಾಟಿ, ಹುಲಿಗಳ ಬಗ್ಗೆ ಟಿಪ್ಪಣಿ ಬರೆಯುತ್ತ ಸಂರಕ್ಷಣೆಯ ಪರ ವಾದಿಸಿದರು. ಸಲೀಂ ಅಲಿ ಮೈಸೂರಿನ ಹಕ್ಕಿಗಳ ಸಮೀಕ್ಷೆ ಮಾಡುವಾಗ ಇಲ್ಲಿಗೂ ಬಂದಿದ್ದರು. ಮಾರಿಸರ ಮಗಳು ಮೋನಿಕಾ ಜಾಕ್ಸನ್ ಈ ಬೆಟ್ಟದ ಬಾಲ್ಯವನ್ನು ಪುಸ್ತಕವಾಗಿ ಬರೆದಿದ್ದಾರೆ. ತೋಟದಲ್ಲಿ ಕಾಫಿ ಕುಯ್ಯುವ ಸೋಲಿಗನೇ ಶಿಕಾರಿಯ ದಿನ ಹೆಜ್ಜೆ ಹಿಡಿಯುವವನೂ ಆಗುತ್ತಿದ್ದ. ಕೆನೆತ್ ಆಂಡರ್ಸನ್ ವಿಮಾನ ಕಾರ್ಖಾನೆಯ ನೌಕರಿಯ ರಜೆಯಲ್ಲಿ ಕಾರು ಓಡಿಸಿಕೊಂಡು ಕಾಡಿಗೆ ಬರುತ್ತಿದ್ದ. ಅವನ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದದ್ದರಿಂದ ನಮಗೆ ಅವನು ಮನೆಯವನೇ ಆಗಿಬಿಟ್ಟಿದ್ದಾನೆ. ಆ ಕಾಲದಲ್ಲಿ ಹೊಡೆದ ಹುಲಿ, ಚಿರತೆಗಳ ಚರ್ಮ ಹದಮಾಡಿ ಮತ್ತೆ ಪ್ರಾಣಿಯ ರೂಪಕ್ಕೆ ತರುವ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಗೂ ಕೈತುಂಬ ಕೆಲಸ. ಶಿಕಾರಿಯ ಅರ್ಥವ್ಯವಸ್ಥೆ ದೊಡ್ಡದಿತ್ತು. ಅದರ ಕೆಳಗಿನ ಮೆಟ್ಟಿಲಲ್ಲಿ ನಿಂತವರು ಕಾಡಿನವರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆಲ್ಲಕ್ಕೂ ತೆರೆ ಎಳೆಯಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, 1987ರಲ್ಲಿ ಅದರ ವಿಸ್ತಾರ ಸುಮಾರು 540 ಚದರ ಕಿಲೋಮೀಟರಿಗೆ ಬೆಳೆಯಿತು. ದೊರೆಗಳಿಗೆ ಹೋದದ್ದು ಒಂದು ಹವ್ಯಾಸ. ಸೋಲಿಗರಿಗೆ ಬೇಟೆಯೂ ಹೋಯಿತು, ಸುಟ್ಟು ಬಿತ್ತುವ ಬೇಸಾಯವೂ ಹೋಯಿತು, ಎಷ್ಟೋ ಕಡೆ ಪೋಡು ಕೂಡ ಎತ್ತಂಗಡಿಯಾಗಿ ರಸ್ತೆ ಬದಿಗೆ ಬಂತು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸಂರಕ್ಷಣೆಯ ಬರಹಗಳನ್ನು ಓದುವಾಗ ನನಗೆ ಕಸಿವಿಸಿಯಾಗುತ್ತದೆ.

ಉಳಿದದ್ದು ಕಿರು ಅರಣ್ಯ ಉತ್ಪನ್ನ. ಗಿರಿಜನರ ಸಹಕಾರ ಸಂಘಗಳಾದ ಲ್ಯಾಂಪ್ಸ್ ಸೊಸೈಟಿಗಳು ಕೊಳ್ಳುತ್ತಿದ್ದ ನೆಲ್ಲಿಕಾಯಿ, ಸೀಗೆ, ಅಂಟುವಾಳ, ಅಳಲೆ, ಮರದ ಪಾಚಿ, ಎಲ್ಲಕ್ಕಿಂತ ಮಿಗಿಲಾಗಿ ಜೇನು. ಹೆಜ್ಜೇನು ಇಳಿಸುವುದು ಬೇಟೆಗಿಂತ ಸುಲಭವಲ್ಲ. ಕತ್ತಲೆಯಲ್ಲಿ ಎತ್ತರದ ಮರ ಹತ್ತಿ, ಸೊಪ್ಪಿನ ಪಂಜಿನ ಹೊಗೆ ಕೊಟ್ಟು, ಹುಳು ಎದ್ದ ಮೇಲೆ ತಟ್ಟಿ ಕೊಯ್ದು ಕೆಳಗಿಳಿಸಬೇಕು. 1990ರ ದಶಕದ ಅಧ್ಯಯನಗಳ ಪ್ರಕಾರ ಸೋಲಿಗ ಕುಟುಂಬಗಳ ನಗದು ಆದಾಯದಲ್ಲಿ ಅರ್ಧದಷ್ಟು ಹೀಗೆ ಬರುತ್ತಿತ್ತು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಆಮೇಲೆ ಬಂದ ಏಟ್ರೀ ಸಂಸ್ಥೆ ಇದಕ್ಕೆ ಸಂಸ್ಕರಣೆ, ಮಾರಾಟದ ದಾರಿ ಹುಡುಕಿದವು. ಅಷ್ಟರಲ್ಲಿ ವನ್ಯಜೀವಿ ಕಾಯ್ದೆಯ ಹೊಸ ತಿದ್ದುಪಡಿಯ ಹೆಸರಿನಲ್ಲಿ 2006ರ ಹೊತ್ತಿಗೆ ಮಾರಾಟಕ್ಕಾಗಿ ಆಯುವುದೇ ನಿಂತಿತು. ಜನ ಕೊಡಗಿನ ಕಾಫಿ ತೋಟಗಳಿಗೂ ಕಲ್ಲು ಕ್ವಾರಿಗಳಿಗೂ ಹೊರಟರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅರಣ್ಯ ಹಕ್ಕು ಕಾಯ್ದೆಯಡಿ 25 ಪೋಡುಗಳಿಗೆ ಸಾಮುದಾಯಿಕ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಪೋಡಿನಲ್ಲೇ ಹುಟ್ಟಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಂಥವರು ವರ್ಷಗಟ್ಟಲೆ ಅಲೆದದ್ದರ ಫಲ ಅದು. ಈಗ ಎಷ್ಟೋ ಮನೆಗಳು ಕಾಫಿ, ಮೆಣಸು ಬೆಳೆಯುತ್ತವೆ.

ಹನೂರಿನ ಕಡೆ ಕಥೆ ಬೇರೆ ದಾರಿ ಹಿಡಿಯಿತು. ಬೇಟೆಯನ್ನೇ ಕಸುಬು ಮಾಡಿಕೊಂಡು ದೇಶಕ್ಕೆಲ್ಲ ಗೊತ್ತಾದ ಒಬ್ಬನೇ ಒಬ್ಬನೆಂದರೆ ಗೋಪಿನಾಥಂನ ವೀರಪ್ಪನ್. ಆನೆ ದಂತದಿಂದ ಶುರು, ಆಮೇಲೆ ಗಂಧದ ಮರ, ಕೊನೆಗೆ ಮನುಷ್ಯರು. ಅವನ ದಂಧೆ ಬೆಳೆದದ್ದು ಕೂಲಿಯಿಲ್ಲದ ಊರುಗಳ ಬೆನ್ನ ಮೇಲೆ. ಮರ ಕಡಿಯುವವರು, ಹೊರುವವರು ಎಲ್ಲ ಅಲ್ಲಿನವರೇ. ಇದನ್ನು ಮೊದಲು ಅರ್ಥ ಮಾಡಿಕೊಂಡ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಊರಿನವರ ಜೊತೆ ಬೆರೆತು, ಗುಡಿ ಕಟ್ಟಿಸಿ, ವೀರಪ್ಪನ್ ಸಂಗಡಿಗರನ್ನು ಶರಣಾಗಿಸುತ್ತ ಬಂದರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನೇ ಕೊಂದ. 1992ರಲ್ಲಿ ಮೀಣ್ಯದ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಅವನಿಗೆ ಬಲಿಯಾದರು, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಅಪಹರಿಸಿದ. 2004ರ ಅಕ್ಟೋಬರ್ 18ರಂದು ಅವನು ಸಾಯುವವರೆಗೂ ಈ ಕಾಡಿನಲ್ಲಿ ಸೌದೆಗೆ ಹೋಗುವುದೂ ಅನುಮಾನಕ್ಕೆ ಎಡೆ. ಒಂದು ಕಡೆ ಪೊಲೀಸರ ಏಟು, ಇನ್ನೊಂದು ಕಡೆ ಅವನ ಗುಂಡು. ಇಂದು ಅದೇ ಗೋಪಿನಾಥಂನಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರವಿದೆ. ಊರಿನವರು ಅಲ್ಲಿ ಕೆಲಸ ಮಾಡುತ್ತಾರೆ, ಬಂದವರಿಗೆ ಆ ಕಾಲದ ಕಥೆ ಹೇಳುತ್ತಾರೆ.

ಕಾವೇರಿಯಲ್ಲಿ ಇನ್ನೊಂದು ಬಗೆಯ ಬೇಟೆ ನಡೆದಿತ್ತು. ಮಹಶೀರ್ ಮೀನಿಗೆ ಗಾಳ ಹಾಕಲು ವಿದೇಶದಿಂದ ಜನ ಭೀಮೇಶ್ವರಿ, ಗಾಲಿಬೋರೆಗೆ ಬರುತ್ತಿದ್ದರು. ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ. ಡೈನಮೈಟು ಹಾಕಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅದನ್ನು ಬಿಟ್ಟು ಮಾರ್ಗದರ್ಶಿಗಳಾದರು, ಕಾವಲುಗಾರರಾದರು. ಅಭಯಾರಣ್ಯದಲ್ಲಿ ಗಾಳವೂ ಬೇಟೆಯೇ ಎಂಬ ತೀರ್ಮಾನ ಬಂದು ಕಳೆದ ದಶಕದ ಆರಂಭದಲ್ಲಿ ಅದು ನಿಂತಿತು. ಕಾವೇರಿಯ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನ ಪಟ್ಟಿ ಸೇರಿತು. ಆ ನಿಷೇಧದಿಂದ ಮೀನಿಗೆ ಲಾಭವಾಯಿತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಹೊಗೇನಕಲ್‌ನ ನಮ್ಮ ದಡದಲ್ಲಿ ತೆಪ್ಪ ಹಾಕುವವರ ಸಂಪಾದನೆಯಂತೂ ನದಿಯ ನೀರನ್ನು ನೋಡಿಕೊಂಡೇ ಇದೆ.

ಮಲೆ ಮಹದೇಶ್ವರ 2013ರಲ್ಲಿ ಅಭಯಾರಣ್ಯವಾಯಿತು, 906 ಚದರ ಕಿಲೋಮೀಟರು. ಬೆಟ್ಟದ ಸೋಲಿಗರೂ ಕೊರವರೂ ಕಾಡನ್ನೆಲ್ಲ ಮುಚ್ಚಿರುವ ಲಂಟಾನವನ್ನು ಕಡಿದು, ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ತರಗಿಗೆ ಬೆಂಕಿ ಇಡುತ್ತಿದ್ದಾಗ ಈ ಕಳೆ ಇಷ್ಟು ಬೆಳೆಯುತ್ತಿರಲಿಲ್ಲ ಎಂಬುದು ಸೋಲಿಗ ಹಿರಿಯರ ಹಳೆಯ ವಾದ. ಕೆ. ಗುಡಿಯಲ್ಲಿ, ಪಿ. ಜಿ. ಪಾಳ್ಯದಲ್ಲಿ ಸಫಾರಿ ಜೀಪುಗಳು ಓಡುತ್ತವೆ. ನಾಗಮಲೆಗೆ ಚಾರಣದವರು ಬರುತ್ತಾರೆ. 2024ರಲ್ಲಿ ಆನ್‌ಲೈನ್ ಟಿಕೆಟ್ ಇಲ್ಲದ ಚಾರಣವನ್ನು ಸರ್ಕಾರ ನಿಲ್ಲಿಸಿದಾಗ ದಾರಿ ತೋರುವ ಹುಡುಗರ ಗಳಿಕೆಯೂ ನಿಂತಿತು. ಬೇಟೆ ಸಂಪೂರ್ಣ ಹೋಗಿದೆ ಎಂದೂ ಹೇಳಲಾಗದು. ಜಮೀನಿನ ಅಂಚಿನಲ್ಲಿ ಉರುಲು, ಹಂದಿಗೆ ಸಿಡಿಮದ್ದು ಈಗಲೂ ಸುದ್ದಿಯಾಗುತ್ತವೆ.

ಈ ಎಲ್ಲದರ ನಡುವೆ ಹೆಜ್ಜೆ ಓದುವ ವಿದ್ಯೆಗೆ ಈಗ ಅತಿ ಹೆಚ್ಚು ಕೆಲಸ ಇರುವುದು ಅರಣ್ಯ ಇಲಾಖೆಯಲ್ಲಿ. ಕಳ್ಳಬೇಟೆ ತಡೆ ಶಿಬಿರದ ವಾಚರು, ಬೇಸಿಗೆಯ ಬೆಂಕಿ ಕಾವಲು, ಹುಲಿ ಗಣತಿಗೆ ಕ್ಯಾಮೆರಾ ಕಟ್ಟುವ ಜಾಗ ತೋರಿಸುವವರು. ಸ್ಯಾಂಡರ್ಸನ್ನನ ಮುಂದೆ ನಡೆದವರ ಕೆಲಸವೇ ಇದು, ಕೊಲ್ಲುವುದಕ್ಕಲ್ಲ ಎಂಬುದೊಂದೇ ವ್ಯತ್ಯಾಸ. ಹೆಚ್ಚಿನವರು ಹೊರಗುತ್ತಿಗೆಯವರು, ದಿನಗೂಲಿಯವರು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಕಾಡಿನ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತವು. ಅದೇ ದಿನಗಳಲ್ಲಿ ಅಲ್ಲಿನ ಹೊರಗುತ್ತಿಗೆ ಕಾವಲುಗಾರರು ತಿಂಗಳುಗಟ್ಟಲೆ ಬಾಕಿ ಉಳಿದ ಸಂಬಳಕ್ಕಾಗಿ ಪ್ರತಿಭಟನೆ ಮಾಡಿದ್ದರು. ಹುಲಿಯ ಸುದ್ದಿ ದೆಹಲಿಯವರೆಗೆ ಹೋಯಿತು, ಸಂಬಳದ ಸುದ್ದಿ ಅದರ ಬಾಲ ಹಿಡಿದು ಹೋಯಿತು. ಕಾಡು ಕಾಯಲು ಹೊಸ ಹುದ್ದೆಗಳನ್ನು ತುಂಬುವಾಗ ಸರ್ಕಾರ ಪೋಡುಗಳ, ಕಾಡಂಚಿನ ಊರುಗಳ ಇವರನ್ನು ಮೊದಲು ಕಾಯಂ ಮಾಡಿಕೊಳ್ಳಲಿ, ಪ್ರತಿ ತಿಂಗಳ ಮೊದಲ ವಾರದಲ್ಲೇ ಅವರ ಸಂಬಳ ಕೈಸೇರುವಂತೆ ಮಾಡಲಿ.