ಸತ್ತವರ ಹೆಸರಿನ ಪಹಣಿ

ಚನ್ನರಾಯಪಟ್ಟಣದ ತೆಂಗಿನ ತೋಟವಿರಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲವಿರಲಿ, ಯಜಮಾನ ತೀರಿಕೊಂಡ ಮೇಲೆ ಮನೆಯವರು ಮೊದಲು ಮೆಟ್ಟಿಲು ಹತ್ತುವುದು ನಾಡಕಚೇರಿಯದು, ಕೋರ್ಟಿನದಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಹಿಡಿದು ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಹಾಕುತ್ತಾರೆ. ಉಯಿಲನ್ನು ನ್ಯಾಯಾಲಯವೇ ಪರಿಶೀಲಿಸಿ ಮೊಹರು ಹಾಕಿಕೊಡುವ ಪ್ರೊಬೇಟ್ ಪದ್ಧತಿ ಹಾಸನ ಸೀಮೆಯಲ್ಲಿ ಬೇರೂರಲೇ ಇಲ್ಲ.

ಕಾರಣ ಹಳೆಯದು. 1870ರ ಹಿಂದೂ ಉಯಿಲು ಕಾಯ್ದೆಯನ್ನು ಬ್ರಿಟಿಷರು ಮುಖ್ಯವಾಗಿ ಬಂಗಾಳಕ್ಕೂ ಮದ್ರಾಸ್, ಬೊಂಬಾಯಿ ನಗರಗಳಿಗೂ ಮಾಡಿದ್ದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅದೇ ಗಡಿಯನ್ನು ಉಳಿಸಿಕೊಂಡಿತು. ಮೈಸೂರು ಸಂಸ್ಥಾನ ಅದರಾಚೆಗಿತ್ತು. ಹೀಗಾಗಿ ಹೊಳೆನರಸೀಪುರದ ಹಿಂದೂ ರೈತ ತನ್ನೂರಿನ ಜಮೀನಿಗೆ ಬರೆದ ಉಯಿಲಿಗೆ ಪ್ರೊಬೇಟ್ ಕಡ್ಡಾಯವಾಗಿರಲಿಲ್ಲ. ಇಬ್ಬರು ಸಾಕ್ಷಿಗಳ ರುಜು ಮಾತ್ರ ಬೇಕೇ ಬೇಕು.

ಬಹಳಷ್ಟು ಮನೆಗಳಲ್ಲಿ ಉಯಿಲು ಬರೆಯುವ ಮಾತೇ ಇರಲಿಲ್ಲ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಹೋದರೆ ಆಸ್ತಿ ಉಳಿದ ಗಂಡಸರದಾಗುತ್ತಿತ್ತು. ಬದಲಾಗಬೇಕಾದದ್ದು ಶಾನುಭೋಗರ ಲೆಕ್ಕದಲ್ಲಿನ ಹೆಸರು, ಅಷ್ಟೇ. ಆ ಶಾನುಭೋಗಿಕೆಯೂ ವಂಶಪಾರಂಪರ್ಯದ್ದೇ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗ, ಪಟೇಲರ ಕಾಲ ಮುಗಿಯಿತು. ಲೆಕ್ಕ ಗ್ರಾಮಲೆಕ್ಕಿಗರ ಕೈಗೆ ಬಂತು.

ಈ ಕಥೆಯಲ್ಲಿ ಮೈಸೂರು ಹೆಮ್ಮೆಪಡಬೇಕಾದ ವರ್ಷ 1933. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬಂದ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ, ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಕೊಟ್ಟಿತು. ವಿಧವೆಗೆ ಗಂಡ ಬದುಕಿದ್ದರೆ ಪಡೆಯುತ್ತಿದ್ದುದರ ಅರ್ಧ, ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ಕಾಲುಭಾಗ. ಕಾಲುಭಾಗ ನ್ಯಾಯವಲ್ಲ, ನಿಜ. ಆದರೂ ಬ್ರಿಟಿಷ್ ಇಂಡಿಯಾ ವಿಧವೆಯರ ಹಕ್ಕಿನ ಕಾಯ್ದೆ ತಂದದ್ದು ನಾಲ್ಕು ವರ್ಷ ತಡವಾಗಿ, 1937ರಲ್ಲಿ. ಅದರಲ್ಲಿ ಹೆಣ್ಣುಮಕ್ಕಳ ಪ್ರಸ್ತಾಪವೇ ಇರಲಿಲ್ಲ. ಸಮಪಾಲಿಗೆ ಕರ್ನಾಟಕ 1994ರವರೆಗೆ ಕಾಯಬೇಕಾಯಿತು. ಆ ವರ್ಷ ಜಾರಿಗೆ ಬಂದ ರಾಜ್ಯದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯೂ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪತ್ರಗಳನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ.

ಕೋರ್ಟಿನ ಬಾಗಿಲು ಬಡಿಯಬೇಕಾಗುವುದು ಹೆಚ್ಚಾಗಿ ಹಣದ ವಿಷಯದಲ್ಲಿ. ಸತ್ತವರಿಗೆ ಬರಬೇಕಾದ ಸಾಲ, ಷೇರು, ಠೇವಣಿಗಳಿಗೆ ವಾರಸಾ ಪ್ರಮಾಣಪತ್ರ ಕೊಡುವ ಅಧಿಕಾರ ಸಿವಿಲ್ ನ್ಯಾಯಾಲಯದ್ದು. ಈ ಏರ್ಪಾಡಿಗೆ 1889ರಲ್ಲೇ ಪ್ರತ್ಯೇಕ ಕಾಯ್ದೆಯಿತ್ತು. ಭೂಸ್ವಾಧೀನದ ಪರಿಹಾರದ ಹಣಕ್ಕೂ ಇದೇ ಮಾತು. ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ಮುಳುಗಡೆಯಾದ ಜಮೀನು ತಾತನ ಹೆಸರಿನಲ್ಲೇ ಉಳಿದಿದ್ದರೆ ಪರಿಹಾರ ಪಡೆಯುವವರು ಯಾರು? ತಕರಾರು ಎದ್ದರೆ ಅಂದಿನ 1894ರ ಭೂಸ್ವಾಧೀನ ಕಾಯ್ದೆಯಂತೆ ದುಡ್ಡು ಕೋರ್ಟಿನಲ್ಲಿ ಠೇವಣಿಯಾಗಬೇಕಿತ್ತು.

1964ರ ಭೂಕಂದಾಯ ಕಾಯ್ದೆ, ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ತಿಳಿಸಬೇಕು ಎನ್ನುತ್ತದೆ. ವರದಿ ಬಂದ ಮೇಲೆ ನೋಟಿಸು ಹಚ್ಚಿ, ತಕರಾರಿಗೆ ಅವಕಾಶ ಕೊಟ್ಟು, ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಪುಸ್ತಕದಲ್ಲಿ ದಾಖಲಿಸಿ ಹೆಸರು ಏರಿಸುತ್ತಾರೆ. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದರೂ ಸತ್ತವರ ಹೆಸರುಗಳು ಹಾಗೆಯೇ ಏರಿಕೊಂಡವು. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲಾಗಿರುತ್ತದೆ. ಖಾತೆಗೆಂದು ಓಡಾಡಲು ಯಾರಿಗೂ ಬಿಡುವಾಗುವುದಿಲ್ಲ. ಬ್ಯಾಂಕಿನ ಸಾಲ, ಬೆಳೆ ಪರಿಹಾರ ಎಂದಾಗಲೇ ಅದರ ನೆನಪು.

ವಂಶವೃಕ್ಷ ಬರೆಸುವಾಗ ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಹೆಸರು ಬಿಡುವ ಚಾಳಿ ಇನ್ನೂ ಹೋಗಿಲ್ಲ. ಅದು ಮರೆವಲ್ಲ, ಅನ್ಯಾಯ. ಖಾತೆ ಕಂದಾಯದ ದಾಖಲೆ, ಒಡೆತನವನ್ನು ತೀರ್ಮಾನಿಸುವುದಿಲ್ಲ. ಹೆಸರು ಬಿಟ್ಟರೂ ಅವರ ಹಕ್ಕು ಹೋಗುವುದಿಲ್ಲ, ಸಿವಿಲ್ ದಾವೆಗೆ ದಾರಿ ತೆರೆದೇ ಇರುತ್ತದೆ. ಮನೆಯಲ್ಲಿ ಹಿರಿಯರ ಹೆಸರಿನ ಪಹಣಿ ಇರುವವರು ಎಲ್ಲ ಮಕ್ಕಳ ಹೆಸರನ್ನೂ ಸೇರಿಸಿ ಇಂದೇ ಅರ್ಜಿ ಹಾಕಲಿ.