ಹತ್ತಿಯ ಬೆಲೆಯಿಂದ ಸಹಕಾರ ಸಂಘದವರೆಗೆ: ಮುಂಬಯಿ ಪ್ರಾಂತದ ನಾಲ್ಕು ದಶಕಗಳು (1865–1905)

ಆರ್ಥಿಕ ಬಿಕ್ಕಟ್ಟು ತಾನಾಗಿಯೇ ಸಮಾಜವನ್ನು ಬದಲಿಸುತ್ತದೆಯೆ, ಅಥವಾ ಮರೆಯಲ್ಲಿದ್ದ ಸಂಬಂಧಗಳನ್ನು ಬಯಲಿಗೆಳೆದು ಬದಲಾವಣೆಗೆ ಎಡೆಮಾಡಿಕೊಡುತ್ತದೆಯೆ? ಈ ಪ್ರಶ್ನೆಯನ್ನು ಮುಂಬಯಿ ಪ್ರಾಂತದ ಕೃಷಿ ಚರಿತ್ರೆಯ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ. ಪುಣೆ, ಅಹಮದನಗರ, ಧಾರವಾಡ ಜಿಲ್ಲೆಗಳು ಅಂದು ಒಂದೇ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಮರಾಠಿ ಮತ್ತು ಕನ್ನಡ ಸೀಮೆಗಳ ಅನುಭವವನ್ನು ಒಟ್ಟಿಗೆ ನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ದುರ್ಲಭವಾದಾಗ ಭಾರತದ ಹತ್ತಿಗೆ ಅಪೂರ್ವ ಬೆಲೆ ಬಂದಿತು. ಅಮೆರಿಕದ ತಳಿಯನ್ನು ಮೊದಲೇ ಬೆಳೆಯುತ್ತಿದ್ದ ಧಾರವಾಡ ಸೀಮೆ ಇದರ ಲಾಭ ಪಡೆಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬಯಿಯ ಷೇರು ವ್ಯವಹಾರ ನೆಲಕಚ್ಚಿತು. ಬೆಲೆ ಇಳಿದರೂ ರೈತನ ಸಾಲ ಇಳಿಯಲಿಲ್ಲ. ಸಿವಿಲ್ ನ್ಯಾಯಾಲಯಗಳಲ್ಲಿ ಸಾಲಪತ್ರವೇ ನಿರ್ಣಾಯಕವಾಗಿದ್ದು, ಓದುಬರಹವರಿಯದ ರೈತನ ಮಾತು ನಿಲ್ಲುತ್ತಿರಲಿಲ್ಲ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅವರ ಮುಖ್ಯ ಗುರಿ ಸಾಲಪತ್ರಗಳನ್ನು ಸುಡುವುದಾಗಿತ್ತು. ದಂಗೆ ಅಹಮದನಗರಕ್ಕೆ ಹಬ್ಬಿತೇ ಹೊರತು, ಹತ್ತಿಯ ನಾಡಾದ ಧಾರವಾಡಕ್ಕಲ್ಲ. ಆದುದರಿಂದ ಬೆಲೆಯ ಕುಸಿತವೊಂದೇ ಅದಕ್ಕೆ ಕಾರಣವೆನ್ನಲಾಗದು. ಕಂದಾಯದ ಏರಿಕೆ, ನ್ಯಾಯಾಲಯದ ಕ್ರಮ, ಸಾಲ ಕೊಡುವವರ ಹಿಂಜರಿಕೆ ಒಂದೆಡೆ ಕೂಡಿದುದನ್ನೂ ಗಮನಿಸಬೇಕು.

1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಸಾಲಪತ್ರದ ಹಿಂದಿನ ವ್ಯವಹಾರವನ್ನು ವಿಚಾರಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಆದರೆ ಅದು ಮೊದಲಿಗೆ ಪುಣೆ, ಸಾತಾರ, ಸೊಲ್ಲಾಪುರ, ಅಹಮದನಗರಗಳಿಗೆ ಸೀಮಿತವಾಗಿತ್ತು. ಈ ನಡುವೆ 1876–78ರ ಘೋರ ಕ್ಷಾಮ ಬಂದೆರಗಿತು. ಕ್ಷಾಮ ಆಯೋಗದ 1880ರ ವರದಿಯ ತರುವಾಯ, 1883 ಮತ್ತು 1884ರಲ್ಲಿ ತಗಾವಿ ಸಾಲದ ಕಾಯಿದೆಗಳು ಬಂದವು. ಸಾಹುಕಾರನಿಗೆ ಪರ್ಯಾಯವನ್ನು ಹುಡುಕುವ ಈ ಯತ್ನವೇ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಗೆ ದಾರಿಯಾಯಿತು. ಮರುವರ್ಷ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದರು. ದಂಗೆಯೂ ಇಲ್ಲದ, ಪರಿಹಾರ ಕಾಯಿದೆಯ ಮೊದಲ ವ್ಯಾಪ್ತಿಗೂ ಸೇರದ ಜಿಲ್ಲೆಯಲ್ಲಿ ಹೊಸ ಸಂಸ್ಥೆ ಬೇರೂರಿದುದು ವಿಚಾರಾರ್ಹ.

ಬಿಕ್ಕಟ್ಟಿನಿಂದ ಸಂಸ್ಥೆಯವರೆಗಿನ ಹಾದಿಗೆ ನಾಲ್ಕು ದಶಕಗಳು ಹಿಡಿದವು. ಅಷ್ಟಾಗಿಯೂ 1884ರ ಕಾಯಿದೆ ಸಾಗುವಳಿ ಭೂಮಿಯ ಒಡೆಯರನ್ನೂ ಅನುಭೋಗದಾರರನ್ನೂ ಉದ್ದೇಶಿಸಿತ್ತು; ಕ್ಷಾಮದಲ್ಲಿ ಮೊದಲು ಹಸಿದ ಭೂಹೀನ ಕೂಲಿಕಾರರು ಅದರ ಹೊರಗುಳಿದರು. ಬಿಕ್ಕಟ್ಟು ಬದಲಾವಣೆಯನ್ನು ತಂದಿತೆಂದು ಹೇಳುವಾಗ, ಯಾರ ಪಾಲಿಗೆ ತಂದಿತೆಂಬುದನ್ನೂ ಕೇಳಬೇಕು. ಮುಂಬಯಿ, ಪುಣೆಗಳಲ್ಲಿರುವ ಕನ್ನಡ ಸಂಶೋಧಕರು ಪ್ರಾಂತದ ದಾಖಲೆಗಳನ್ನು ಈ ದೃಷ್ಟಿಯಿಂದ ಓದಬೇಕೆಂಬುದು ನಮ್ಮ ಆಶಯ.